ಶಾಮೀದಸಾಬನ ಎಂಟು ಸಿಲಿಂಡರು

ಲಿಂಗಸುಗೂರಿನ ದಂಡಿನ ಛಾವಣಿಯಲ್ಲಿ ಕುದುರೆಗಳಿಗೆ ಲಾಳ ಬಡಿಯುತ್ತಿದ್ದ ಮಸ್ತಾನಸಾಬನ ಮಗ ಶಾಮೀದಸಾಬ ತನ್ನ ಜೀವಮಾನದಲ್ಲಿ ಒಮ್ಮೆಯೂ ಕುದುರೆ ಹತ್ತಲಿಲ್ಲ. ಅವನಿಗೆ ತಿಳಿವಳಿಕೆ ಬರುವ ಹೊತ್ತಿಗೆ ಕುದುರೆಗಳು ಒಂದೊಂದಾಗಿ ಹೋಗಿ ಮೋಟಾರುಗಳು ಬರತೊಡಗಿದ್ದವು. ಇಪ್ಪತ್ತೆರಡನೆಯ ವಯಸ್ಸಿಗೆ ಊರಿನ ಜಾಗೀರದಾರರು ಅವನನ್ನು ಹೈದರಾಬಾದಿನ ಒಂದು ಗ್ಯಾರೇಜಿಗೆ ಕಳಿಸಿ ಆರು ತಿಂಗಳು ಕೆಲಸ ಕಲಿಸಿದರು. ತಿರುಗಿ ಬರುವಾಗ ಅವನು ಜಾಗೀರದಾರರು ಹೊಸದಾಗಿ ಕೊಂಡ ಕರಿಯ ಫೋರ್ಡ್ ಕಾರನ್ನು ತಾನೇ ಓಡಿಸಿಕೊಂಡು ಬಂದ. ಎರಡು ದಿನದ ದಾರಿ. ಎಂಟು ಸಿಲಿಂಡರಿನ ಆ ಇಂಜಿನ್ನಿನ ಸದ್ದು ಕಿವಿಯಲ್ಲಿ ಎಷ್ಟು ತುಂಬಿಕೊಂಡಿತ್ತೆಂದರೆ, ಮನೆಗೆ ಬಂದು ಉಂಡು ಮಲಗಿದ ಮೇಲೂ ಚಾಪೆಯ ಕೆಳಗಿನ ನೆಲ ಮೆಲ್ಲಗೆ ನಡುಗುತ್ತಿರುವಂತೆ ಅನ್ನಿಸಿತ್ತು.

ಅಂದಿನಿಂದ ಹನ್ನೆರಡು ವರ್ಷ ಆ ಕಾರು ಅವನ ಕೈಯಲ್ಲೇ ಇತ್ತು. ಹೆಸರಿಗೆ ಅದು ಜಾಗೀರದಾರರದು. ಅದರ ಎಣ್ಣೆ, ನೀರು, ಕೆಮ್ಮು, ಉಸಿರು ಎಲ್ಲ ಶಾಮೀದಸಾಬನದು. ಅವನ ಕಿವಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಇದ್ದಿಲು ಗ್ಯಾಸಿನ ಮೇಲೆ ಓಡುತ್ತಿದ್ದ ಬಸ್ಸು ಮಸ್ಕಿಯ ಏರಿನಲ್ಲಿ ನಿಂತುಬಿಟ್ಟರೆ ಡ್ರೈವರು ಇವನಿಗೆ ಹೇಳಿ ಕಳಿಸುತ್ತಿದ್ದ. ಇವನು ಹೋಗಿ, ಉದ್ದನೆಯ ತಿರುಪುಳಿಯ ತುದಿಯನ್ನು ಇಂಜಿನ್ನಿಗೆ ಒತ್ತಿ, ಅದರ ಕಟ್ಟಿಗೆ ಹಿಡಿಯನ್ನು ಕಿವಿಗೆ ಹಚ್ಚಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಎಲ್ಲಿ ಏನು ಕೆಟ್ಟಿದೆಯೆಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅಲ್ಲೇ ಇರುತ್ತಿತ್ತು.

ಅವನಿಗಿದ್ದ ಹುಚ್ಚೇ ಇದ್ದ ಇನ್ನೊಬ್ಬ ಮನುಷ್ಯ ಮಸ್ಕಿಯ ಅಮರಗುಂಡಪ್ಪ. ಹತ್ತಿ ವ್ಯಾಪಾರ, ಹೊಲಮನೆ, ಊರಲ್ಲಿ ಮಾತು ನಡೆಯುವ ಮನೆತನ. ಅವನ ಹತ್ತಿರ ಹಳೆಯ ಷೆವರ್ಲೆ ಇತ್ತು, ಒಂದೇ ಸಾಲಿನ ಆರು ಸಿಲಿಂಡರಿನದು. ಜಾಗೀರದಾರರು ಕೆಲಸದ ಮೇಲೆ ಮಸ್ಕಿಗೆ ಬಂದಾಗಲೆಲ್ಲ ಎರಡೂ ಕಾರುಗಳು ಹತ್ತಿ ಜಿನ್ನಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದವು. ಆಗ ಸಾವುಕಾರ ಅಮರಗುಂಡಪ್ಪ ಬಿಳಿ ಅಂಗಿಯ ತೋಳು ಮೇಲೇರಿಸಿ ಡ್ರೈವರನ ಪಕ್ಕದಲ್ಲೇ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದ. ಒಮ್ಮೆ ಅವನು ತನ್ನ ಇಂಜಿನ್ನು ಚಾಲೂ ಇಟ್ಟು ಅದರ ಮೇಲೆ ನಿಜಾಮನ ಹಾಲಿ ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸಿದ. ನಾಣ್ಯ ಬೀಳಲಿಲ್ಲ.

"ನೋಡಲೇ ಶಾಮೀದಸಾಬ, ಒಂದ ಸಾಲಿನಾಗ ಆರು. ಇದಕ್ಕಿಂತ ನುಣ್ಣಗ ಓಡೋ ಇಂಜಿನ್ ಇಲ್ಲ ದುನಿಯಾದಾಗ."

"ನಾಣ್ಯ ನಿಂದ್ರಸಾಕ ಕಾರ್ ಯಾಕ ಬೇಕ್ರಿ ಸಾವ್ಕಾರ್ರ? ಮನ್ಯಾಗ ಕುಂದ್ರೋ ಮಣಿ ಐತಲ್ಲ," ಎಂದ ಶಾಮೀದಸಾಬ. "ನಾಕು ಮಂದಿ ಕುಂತು ಏರು ಹತ್ತಬೇಕು, ಗೇರ್ ಇಳಸಬಾರ್ದು. ಆವಾಗ ಹೇಳ್ರಿ ಯಾವ ಇಂಜಿನ್ ಚಲೋ ಅಂತ. ಎರಡು ಸಾಲಿನಾಗ ನಾಕು ನಾಕು. ಇವು ನಾಕು ಉಸರ ಬಿಡೋದ್ರಾಗ ಅವು ನಾಕು ಎಳಿಯಾಕತ್ತಿರತಾವ."

ಅಮರಗುಂಡಪ್ಪ ನಕ್ಕ. ಆದರೆ ಫೋರ್ಡಿನ ಬಾನೆಟ್ಟಿನ ಮೇಲಿನ ಧೂಳನ್ನು ಅವನು ಅಂಗೈಯಿಂದ ಒರೆಸಿದ ರೀತಿ ಶಾಮೀದಸಾಬನ ಕಣ್ಣಿಗೆ ಬಿತ್ತು. ಬಾಯಲ್ಲಿ ಆರು ಅನ್ನುತ್ತಿದ್ದರೂ ಸಾವುಕಾರನ ಮನಸ್ಸೆಲ್ಲ ಎಂಟರ ಮೇಲೆಯೇ ಇತ್ತು. ಶಾಮೀದಸಾಬನಿಗೆ ಅದು ಹೆಮ್ಮೆ. ಅಮರಗುಂಡಪ್ಪ ಲಿಂಗಸುಗೂರಿಗೆ ಬಂದರೆ ಇವನ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದ. ಇವನ ಹೆಂಡತಿ ಸಕೀನಾಬೀಗೆ ತಂಗೆಮ್ಮ ಅನ್ನುತ್ತಿದ್ದ. ಅವಳು ಅಣ್ಣಾರು ಅನ್ನುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತೆಂಟರ ಮಳೆಗಾಲ ಬಂತು. ಜಾಗೀರದಾರರು ಹೆಂಡಿರು ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದರು. ಪೆಟ್ರೋಲು ಸಿಗುತ್ತಿರಲಿಲ್ಲ, ಅದಕ್ಕೆ ರೈಲಿನಲ್ಲಿ ಹೋದರು. ಕಾರನ್ನೂ ವಾಡೆಯ ಬೀಗದ ಕೈಯನ್ನೂ ಶಾಮೀದಸಾಬನಿಗೆ ಬಿಟ್ಟರು. ಆ ದಿನಗಳಲ್ಲಿ ಬಂದೂಕು ಹಿಡಿದು ಊರೂರು ತಿರುಗುತ್ತಿದ್ದ ರಜಾಕಾರರು ಸಿಕ್ಕ ಸಿಕ್ಕ ಲಾರಿ, ಕಾರುಗಳನ್ನು ಕಿತ್ತುಕೊಳ್ಳುತ್ತಿದ್ದರು. ಆ ಗಾಡಿಗಳು ಹೋದ ಹಳ್ಳಿಗಳಲ್ಲಿ ಏನಾಯಿತೆಂಬ ಸುದ್ದಿ ಸಂತೆಯ ದಿನ ತಿಳಿಯುತ್ತಿತ್ತು. ಸಿಂಧನೂರಿನಲ್ಲಿ ಒಂದು ಲಾರಿ ಅವರ ಪಾಲಾಯಿತೆಂದು ಕೇಳಿದ ದಿನವೇ ಶಾಮೀದಸಾಬ ವಾಡೆಗೆ ಹೋಗಿ ಕಾರಿನ ಬಾನೆಟ್ಟು ಎತ್ತಿದ. ಎಂಟೂ ಸಿಲಿಂಡರಿಗೆ ಸರದಿಯ ಮೇಲೆ ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ತಿರುಗುವ ರೋಟರನ್ನು ಕಿತ್ತ. ಹೆಬ್ಬೆರಳಿನಷ್ಟು ಕರಿಯ ತುಂಡು, ತಲೆಯ ಮೇಲೊಂದು ಹಿತ್ತಾಳೆಯ ಪಟ್ಟಿ. ಮುಚ್ಚಳವನ್ನು ಮತ್ತೆ ಹಾಕಿದ. ಹೊರಗಿನಿಂದ ನೋಡಿದರೆ ಎಲ್ಲ ಇದ್ದಲ್ಲೇ ಇತ್ತು, ಆದರೆ ಇನ್ನು ಹ್ಯಾಂಡಲು ತಿರುವಿ ಸತ್ತರೂ ಇಂಜಿನ್ನು ಸದ್ದು ಮಾಡುವಂತಿರಲಿಲ್ಲ. ತುಂಡನ್ನು ಸಕೀನಾಬೀ ಜೋಳದ ಗುಮ್ಮಿಯೊಳಗೆ ಹುಗಿದಳು.

ನಾಲ್ಕನೆಯ ದಿನ ರಜಾಕಾರರು ಬಂದರು. ಹನ್ನೊಂದು ಮಂದಿ. ಕಾರು ತೆಗೆ ಅಂದರು. ಇಂಜಿನ್ನು ಕೆಟ್ಟಿದೆ ಅಂದ. ಅವರಲ್ಲೊಬ್ಬ ಹ್ಯಾಂಡಲು ತಿರುವಿ ತಿರುವಿ ಬೆವತು ಹೋದ. "ನಮ್ಮವನಾಗಿ ನಮಗೇ ಸುಳ್ಳು ಹೇಳ್ತೀಯಾ?" ಎಂದು ಇನ್ನೊಬ್ಬ ಬಂದೂಕಿನ ಹಿಂಭಾಗದಿಂದ ಅವನ ಎಡಗಿವಿಯ ಮೇಲೆ ಹೊಡೆದ. ಎರಡು ಸಲ. ವಾಡೆಯ ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದವನನ್ನು ದಾಟಿಕೊಂಡು ಅವರು ಹೊರಟುಹೋದರು. ಕಿವಿಯಿಂದ ಎರಡು ದಿನ ರಕ್ತ, ಹದಿನೈದು ದಿನ ಕೀವು. ಆಮೇಲೆ ಆ ಕಿವಿಯಲ್ಲಿ ಹಾಳು ಬಾವಿಯ ಗಾಳಿಯಂಥ ಒಂದು ಸದ್ದು ಬಿಟ್ಟು ಬೇರೇನೂ ಉಳಿಯಲಿಲ್ಲ.

ಸುದ್ದಿ ತಿಳಿದು ಅಮರಗುಂಡಪ್ಪ ಮಸ್ಕಿಯಿಂದ ಚಕ್ಕಡಿ ಕಟ್ಟಿಸಿಕೊಂಡು ನೋಡಲು ಬಂದ. ಶಾಮೀದಸಾಬ ನೋವಿನಲ್ಲೂ ಸಕೀನಾಬೀಗೆ ಹೇಳಿ ಗುಮ್ಮಿಯಿಂದ ರೋಟರು ತೆಗೆಸಿ ಅವನ ಅಂಗೈಯಲ್ಲಿ ಇಡಿಸಿದ.

"ಇದೊಂದ ನೋಡ್ರಿ ಸಾವ್ಕಾರ್ರ. ಇದಿಲ್ಲಂದ್ರ ಎಂಟೂ ಸಿಲಿಂಡರ್ ಕಲ್ಲು."

ಅಮರಗುಂಡಪ್ಪ ಅದನ್ನು ಹೊರಳಿಸಿ ಹೊರಳಿಸಿ ನೋಡಿದ. ಅದನ್ನು ಸಕೀನಾಬೀಗೆ ತಿರುಗಿ ಕೊಡುವಾಗ ಅವನ ಕಣ್ಣಲ್ಲಿ ನೀರು ಬಂತು. "ಎಂಥಾ ಮನಿಷ್ಯಾ ಅದೀಯೋ ನೀ," ಅಂದ. "ಕಾರ್ ಉಳಿಸಿದಿ. ಎಷ್ಟು ಮಂದಿ ಜೀವಾ ಉಳಿಸೀದ್ಯೋ ಯಾರಿಗೆ ಗೊತ್ತು."

ಅದಾಗಿ ತಿಂಗಳಲ್ಲಿ ಹಿಂದುಸ್ತಾನದ ದಂಡು ಬಂತು. ನಾಲ್ಕೈದು ದಿನದಲ್ಲಿ ನಿಜಾಮನ ರಾಜ್ಯ ಹೋಯಿತು. ರಜಾಕಾರರೂ ಹೋದರು, ಜಾಗೀರದಾರರು ಹೈದರಾಬಾದಿನಿಂದ ಹಾಗೇ ಕರಾಚಿಯ ಕಡೆ ಹೋದರೆಂದು ಸುದ್ದಿ. ಹೋಗದೆ ಉಳಿದ ರಜಾಕಾರರನ್ನು ಹುಡುಕಿ ಹಿಡಿಯುವುದು ಶುರುವಾಯಿತು. ಅವರು ಸುಟ್ಟ ಒಂದು ಹಳ್ಳಿಯ ಮನುಷ್ಯ, ತಮ್ಮೂರಿಗೆ ಬಂದವರು ಕರಿಯ ಕಾರಿನಲ್ಲಿ ಬಂದಿದ್ದರು ಎಂದು ದೂರು ಬರೆಸಿದ. ಈ ಕಡೆಗೆ ಕರಿಯ ಕಾರು ಎಂದರೆ ಜಾಗೀರದಾರರದು. ಜಾಗೀರದಾರರ ಕಾರು ಓಡಿಸುವವನು ಎಂದರೆ ಶಾಮೀದಸಾಬ. ಕಿವಿಗೆ ಅರಿಶಿನದ ಬಟ್ಟೆ ಕಟ್ಟಿಕೊಂಡು ಕೂತಿದ್ದವನನ್ನು ಹಗ್ಗ ಹಾಕಿ ಒಯ್ದರು.

ರಾಯಚೂರಿನ ಜೈಲಿಗೆ ಸಕೀನಾಬೀ ಮೊದಲ ಸಲ ಬಂದಾಗ ಅವಳ ಮುಖದಲ್ಲಿ ಗೆಲುವಿತ್ತು.

"ಮಸ್ಕಿಗೆ ಹೋಗಿದ್ದೆ," ಅಂದಳು. "ಹತ್ತಿ ಬಂಡ್ಯಾಗ ಕುಂತು ಹೋದೆ. ಆ ತುಂಡು ಅಣ್ಣಾರ ಕೈಯಾಗ ಕೊಟ್ಟೀನಿ. ಕಾರ್ ಹೊರಬಿದ್ದೇ ಇಲ್ಲ, ಇಂಜಿನ್ನಿನ ಜೀವಾನೇ ಕಿತ್ತು ಇಟ್ಟಿದ್ದ ಅಂತ ಸಾಹೇಬ್ರ ಮುಂದ ನಾನ ಹೇಳ್ತೀನಿ ಅಂದಾರ. ತಲಿ ಮ್ಯಾಲ ಕೈ ಇಟ್ಟು ಹೇಳ್ಯಾರ. ನಮ್ಮ ಮಾತು ಯಾರ ಕೇಳ್ತಾರ? ಅವರ ಮಾತು ಕೇಳ್ತಾರ."

ಶಾಮೀದಸಾಬನಿಗೂ ಹಾಗೇ ಅನ್ನಿಸಿತು. ಆ ವಾರವೆಲ್ಲ ಅವನು ಜೈಲಿನಲ್ಲಿ ಹಗುರವಾಗಿ ಓಡಾಡಿದ. ಅಲ್ಲಿ ಇನ್ನೂ ಇಬ್ಬರು ಡ್ರೈವರುಗಳಿದ್ದರು. ಮೂವರೂ ಗೋಡೆಗೆ ಒರಗಿ ಕೂತು ಇಂಜಿನ್ನಿನ ಮಾತು ತೆಗೆಯುತ್ತಿದ್ದರು. ಒಬ್ಬನಿಗೆ ನಾಲ್ಕು ಸಿಲಿಂಡರಿನ ಸಣ್ಣ ಇಂಜಿನ್ನೇ ಬೇಕು, ರಿಪೇರಿಗೆ ಸುಲಭ ಎಂದು. ಇನ್ನೊಬ್ಬ ಮಿಲಿಟರಿ ಲಾರಿ ಓಡಿಸಿದವನು, ಡೀಸೆಲ್ಲಿನ ಮುಂದೆ ಉಳಿದದ್ದೆಲ್ಲ ಆಟಿಕೆ ಅನ್ನುತ್ತಿದ್ದ. ಶಾಮೀದಸಾಬ ನೆಲದ ಮೇಲೆ ಇದ್ದಿಲಿನಿಂದ ತನ್ನ ಎಂಟು ಸಿಲಿಂಡರನ್ನು ಬರೆದು, ಯಾವುದಾದ ಮೇಲೆ ಯಾವುದು ಉರಿಯುತ್ತದೆಂದು ಬೆರಳಿಟ್ಟು ತೋರಿಸುತ್ತಿದ್ದ. ಬಿಡುಗಡೆಯ ಹೆಸರು ಕೂಗುವಾಗ ಎದ್ದು ನಿಲ್ಲುತ್ತಿದ್ದ. ಅವನ ಹೆಸರು ಬರುತ್ತಿರಲಿಲ್ಲ.

ಸಕೀನಾಬೀ ಎರಡನೆಯ ಸಲ ಬಂದಾಗ, "ಅಣ್ಣಾರು ಹೋಗೀನಿ ಅಂದ್ರು, ಸಾಹೇಬ್ರು ಸಿಗಲಿಲ್ಲಂತ," ಎಂದಳು. ಮೂರನೆಯ ಸಲ, "ಅಣ್ಣಾರು ಮನ್ಯಾಗ ಇರಲಿಲ್ಲ" ಎಂದಳು. ಆಮೇಲೆ ಅವನನ್ನು ಗುಲಬರ್ಗಾಕ್ಕೆ ಒಯ್ದರು. ಅಷ್ಟು ದೂರ ಅವಳಿಗೆ ಬರಲಾಗಲಿಲ್ಲ. ಅವನ ತಾಯಿ ಜೈನಾಬೀ ತೀರಿಕೊಂಡ ಸುದ್ದಿ ಅಲ್ಲಿಗೆ ಮುಟ್ಟಿದ್ದು, ಮಣ್ಣು ಮಾಡಿ ನಲವತ್ತು ದಿನ ಆದ ಮೇಲೆ.

ಹದಿನೈದು ತಿಂಗಳಾದವು. ಕೊನೆಗೆ ಆ ಹಳ್ಳಿಯ ಮನುಷ್ಯನನ್ನು ಕರೆಸಿ ಇವನ ಎದುರು ನಿಲ್ಲಿಸಿದರು. ಅವನು ಬಹಳ ಹೊತ್ತು ಮುಖ ನೋಡಿ, "ಇವನಲ್ಲ ಕಾಣತೈತ್ರಿ" ಅಂದ. ಅಷ್ಟೇ. ಹೋಗು ಅಂದರು.

ಐವತ್ತನೆಯ ಇಸವಿಯ ಜನವರಿ. ರಾಯಚೂರಿನಿಂದ ಬಂದ ಬಸ್ಸು ಸಿಂಧನೂರಿನಲ್ಲಿ ಮಧ್ಯಾಹ್ನಕ್ಕೆ ನಿಂತಿತು. ಲಿಂಗಸುಗೂರಿನ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಶಾಮೀದಸಾಬ ಚಹಾದಂಗಡಿಯ ಬೆಂಚಿನ ಮೇಲೆ ಕೂತ. ಒಂದು ಕಾರು ಬರುವ ಸದ್ದು ಬಲಗಿವಿಗೆ ಬಿತ್ತು. ಅವನು ತಲೆ ಎತ್ತಿ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ, ತಾಯಿಯ ದನಿ ಕೇಳಿದಂತೆ ಮೈಯೆಲ್ಲ ಕಾದುಹೋಯಿತು. ಕಾರು ಅಂಗಡಿಯ ಮುಂದೆ ನಿಂತಿತು. ಫೋರ್ಡಿನ ಕರಿಯ ಬಣ್ಣದ ಮೇಲೆ ಹಸಿರು ಬಳಿದಿದ್ದರು. ಬಾಗಿಲು ತೆಗೆದು ಇಳಿದವನು ಅಮರಗುಂಡಪ್ಪ.

ಅವನು ಇವನನ್ನು ಕಂಡು ಒಂದು ಕ್ಷಣ ನಿಂತಲ್ಲೇ ನಿಂತ. ಆಮೇಲೆ ಓಡಿ ಬಂದು ಎರಡೂ ತೋಳಿನಿಂದ ಅಪ್ಪಿಕೊಂಡ. "ಬಿಟ್ರೇನೋ! ಶಿವಾ ದೊಡ್ಡಾವ. ಬಾ, ಬಾ. ಬಸ್ ಯಾಕ? ನಡಿ, ನೀನ ಓಡಸು." ಚಹಾ ಕುಡಿಸಿ, ಕೈ ಹಿಡಿದು ಸ್ಟೇರಿಂಗಿನ ಮುಂದೆ ಕೂರಿಸಿದ.

ಶಾಮೀದಸಾಬ ಓಡಿಸಿದ. ಸಿಂಧನೂರು ದಾಟಿ, ಗೊರೇಬಾಳದ ಕಡೆಯ ಎರೆ ಹೊಲಗಳನ್ನು ಹಿಂದೆ ಹಾಕಿ, ಬಿಳಿಜೋಳದ ತೆನೆಗಳ ನಡುವಿನ ದಾರಿಯಲ್ಲಿ ಕಾರು ಹೋಯಿತು. ಅಮರಗುಂಡಪ್ಪ ಮಾತಾಡುತ್ತಲೇ ಇದ್ದ. ಅವನು ಕೂತದ್ದು ಎಡಗಡೆ. ಅವನ ಮಾತು ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಇಂಜಿನ್ನು ಮಾತ್ರ ಕಾಲಿನಿಂದ, ಕೈಯಿಂದ, ಬೆನ್ನಿನಿಂದ ಕೇಳಿಸುತ್ತಿತ್ತು. ಹದಿನೈದು ತಿಂಗಳಲ್ಲಿ ಮೊದಲ ಸಲ ಅವನಿಗೆ ಸುಖವೆನಿಸಿತು. ಆ ಸುಖದ ಹಿಂದೆಯೇ, ಕಾಲಿಗೆ ಮುಳ್ಳು ಮುರಿದಂತೆ ಒಂದು ವಿಚಾರ ಬಂತು. ಮಸ್ಕಿಯ ಗುಡ್ಡ ಕಾಣುವಲ್ಲಿ ಕಾರು ನಿಲ್ಲಿಸಿದ. ಇಳಿದು ಬಾನೆಟ್ಟು ಎತ್ತಿ, ಕಿಡಿ ಹಂಚುವ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗೆ ರೋಟರು ಇತ್ತು. ಹಿತ್ತಾಳೆಯ ಪಟ್ಟಿಯ ಅಂಚಿಗೆ ಅವನೇ ಒಮ್ಮೆ ಕಾನಸು ಉಜ್ಜಿ ಸವೆಸಿದ ಗೆರೆಯೂ ಇತ್ತು.

"ಇದನ್ನ ಸಕೀನಾ ಸಾಹೇಬ್ರಿಗೆ ತೋರಸಾಕ ಕೊಟ್ಟಿದ್ಲು," ಅಂದ.

ಅಮರಗುಂಡಪ್ಪ ಇಳಿದು ಬಂದು ಎದುರಿಗೆ ನಿಂತ. ಸುಳ್ಳು ಹೇಳಲಿಲ್ಲ.

"ಹೋಗಿದ್ದೆ. ನಮ್ಮಪ್ಪನಾಣಿ, ರಾಯಚೂರಿನ ತನಕಾ ಹೋಗಿದ್ದೆ. ಕಚೇರಿ ಗ್ವಾಡಿ ಮ್ಯಾಲ ಹರಾಜಿನ ಕಾಗದ ಹಚ್ಚಿದ್ರು. ಜಾಗೀರದಾರ್ರ ಸಾಮಾನು. ಇಂಜಿನ್ ಕೆಟ್ಟು ನಿಂತ ಕಾರು ಒಂದು ಅಂತ ಬರದಿದ್ರು. ಇದನ್ನ ಒಯ್ದು ಅವರ ಮೇಜಿನ ಮ್ಯಾಲ ಇಟ್ಟೆ ಅಂದ್ರ ಕೆಟ್ಟಿಲ್ಲ ಅಂತ ಗೊತ್ತಾಗಿಬಿಡತಿತ್ತು. ಯಾವನರೆ ದೊಡ್ಡ ಸಾಹೇಬ ಒಯ್ಯತಿದ್ದ. ಎಂಟ ದಿನ ತಡೀಲಿ, ಹರಾಜು ಮುಗೀಲಿ ಅಂದ್ಕೊಂಡೆ. ಬರೇ ಎಂಟ ದಿನಾ ಶಾಮೀದಸಾಬ."

"ಹರಾಜು ಮುಗದ ಮ್ಯಾಲ?"

"ಮುಗದ ಮ್ಯಾಲ ಹೋದ್ರ, ಮೊದಲ ಯಾಕ ಮುಚ್ಚಿಟ್ಟಿದ್ದಿ ಅಂತ ನನ್ನ ಹಿಡೀತಿದ್ರು. ಇವತ್ತ ಹೋಗ್ಬೇಕು, ನಾಳೆ ಹೋಗ್ಬೇಕು ಅಂತಿದ್ದೆ. ದಿನಾ ಅನಕೋತಿದ್ದೆ."

"ನಮ್ಮವ್ವ ಸತ್ಲು, ಸಾವ್ಕಾರ್ರ."

"ಗೊತ್ತಾತು." ಅಮರಗುಂಡಪ್ಪ ನೆಲ ನೋಡಿದ. ಆಮೇಲೆ ಬಾನೆಟ್ಟಿನ ಅಂಚು ಹಿಡಿದು, ತನಗೇ ಹೇಳಿಕೊಳ್ಳುವವನಂತೆ ಹೇಳಿದ: "ಬ್ಯಾರೇದವ್ರ ಕೈಗೆ ಹೋಗಿದ್ರ ಈ ಇಂಜಿನ್ ಕಿತ್ತು ಹಿಟ್ಟಿನ ಗಿರಣಿಗೆ ಹಚ್ಚತಿದ್ರು. ನಾ ಉಳಿಸೀನಿ. ಇದು ನಿಂದ ಇಂಜಿನ್. ಇವತ್ತಿಂದ ನೀನ ಓಡಸು. ಪಗಾರ ನೀ ಹೇಳಿದಷ್ಟು."

ಶಾಮೀದಸಾಬನಿಗೆ ಅವನ ಮೇಲೆ ಬಂದ ಸಿಟ್ಟಿಗಿಂತ, ತನ್ನ ಮೇಲೆ ಬಂದ ನಾಚಿಕೆ ದೊಡ್ಡದಾಗಿತ್ತು. ಏಕೆಂದರೆ, ಆಗಲಿ ಅನ್ನುವ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವನು ಮುಚ್ಚಳ ಹಾಕಿ, ಕ್ಲಿಪ್ಪು ಒತ್ತಿ, ಬಾನೆಟ್ಟು ಇಳಿಸಿದ. ಬಟ್ಟೆಯ ಗಂಟು ತೆಗೆದುಕೊಂಡು ಮಸ್ಕಿಯ ಕಡೆ ನಡೆದ. ಹಿಂದಿನಿಂದ ಅಮರಗುಂಡಪ್ಪ ಕೂಗಿದ್ದು ಕೇಳಿಸಿತು. ತಿರುಗಲಿಲ್ಲ.

ಮನೆಯಲ್ಲಿ ಎಲ್ಲ ಕೇಳಿದ ಮೇಲೆ ಸಕೀನಾಬೀ ಅಳಲಿಲ್ಲ. ಕೌದಿ ಹೊಲಿಯುತ್ತಿದ್ದವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ ಕೇಳಿದಳು: "ಕಿತ್ತುಕೊಂಡು ಬರಬೇಕಿಲ್ಲೇನು? ಮತ್ತ ಯಾಕ ಮುಚ್ಚಳಾ ಹಾಕಿ ಬಂದ್ರಿ?"

"ನಡು ದಾರ್ಯಾಗ ಇಂಜಿನ್ ನಿಂತುಬಿಡತಿತ್ತು," ಅಂದ ಅವನು.

ಅವಳು ಅವನನ್ನು ನೋಡಿದ ನೋಟ ಬಹಳ ದಿನ ಮನೆಯೊಳಗೆ ಹಾಗೇ ಉಳಿಯಿತು.

ಜೈಲಿನಿಂದ ಬಂದವನಿಗೆ ಕಾರು ಕೊಡುವವರು ಯಾರು? ಬಸ್ಸಿನವರು ಕರೆಯಲಿಲ್ಲ. ಒಬ್ಬ ಮಾಲೀಕ, ಮಂದಿ ಏನಂದಾರು ಎಂದು ನೇರವಾಗಿಯೇ ಹೇಳಿದ. ಮೂರು ವರ್ಷ ಶಾಮೀದಸಾಬ ಸಂತೆಯಿಂದ ಸಂತೆಗೆ ಹೋಗಿ ಸೈಕಲ್ಲು, ಸ್ಟೋವು ರಿಪೇರಿ ಮಾಡಿದ. ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪಿನ್ನು ಆಡಿಸುವಾಗ ರಸ್ತೆಯಲ್ಲಿ ಹಸಿರು ಕಾರು ಹೋದರೆ ಕೈ ನಿಲ್ಲುತ್ತಿತ್ತು, ಅಷ್ಟೇ. ಅಮರಗುಂಡಪ್ಪ ಎರಡು ಸಲ ಜೋಳದ ಚೀಲ ಕಳಿಸಿದ. ಎರಡೂ ಸಲ ಸಕೀನಾಬೀ ಬಂಡಿಯನ್ನು ಹೊಸಿಲಿನಿಂದಲೇ ತಿರುಗಿಸಿ ಕಳಿಸಿದಳು.

ಅಷ್ಟರಲ್ಲಿ ತುಂಗಭದ್ರೆಯ ಕಾಲುವೆ ಸಿಂಧನೂರಿನ ಕಡೆ ಬಂತು. ಅಗೆದ ಕಡೆಯೆಲ್ಲ ನೀರು ಎತ್ತಿ ಹಾಕಲು ಗುತ್ತಿಗೆದಾರರು ಡೀಸೆಲ್ ಪಂಪುಗಳನ್ನು ತಂದಿದ್ದರು. ಅವುಗಳನ್ನು ನೋಡಿಕೊಳ್ಳಲು ಮನುಷ್ಯ ಬೇಕಾಗಿತ್ತು. ಅವರು ಹೊರಗಿನವರು, ಯಾರು ಯಾವ ಜೈಲಿನಲ್ಲಿದ್ದರೆಂದು ಕೇಳಲಿಲ್ಲ. ಗಂಡಹೆಂಡತಿ ಸಿಂಧನೂರಿಗೆ ಬಂದು ಒಂದು ಸಣ್ಣ ಮನೆ ಹಿಡಿದರು. ಶಾಮೀದಸಾಬನಿಗೆ ಡೀಸೆಲ್ಲು ಸೇರಲಿಲ್ಲ. ಒಂದೇ ಸಿಲಿಂಡರು, ದೊಡ್ಡ ಚಕ್ರ, ಒನಕೆ ಕುಟ್ಟಿದಂತೆ ದಿನವಿಡೀ ಗುದ್ದು. ಕೇಳಿ ತಿಳಿಯುವಂಥದು ಅದರಲ್ಲಿ ಏನೂ ಇಲ್ಲ ಎಂದು ಅವನು ಹೆಂಡತಿಯ ಹತ್ತಿರ ಗೊಣಗುತ್ತಿದ್ದ. ಆದರೂ ಕೆಲಸ ಚೆನ್ನಾಗಿ ಮಾಡಿದ. ಕ್ರಮೇಣ ಊರಿನ ಲಾರಿಯವರು, ಬಸ್ಸಿನವರು ಮತ್ತೆ ಕರೆಯತೊಡಗಿದರು. ಒಂದೇ ಕಿವಿಯ ಮಿಸ್ತ್ರಿ ಎಂದು ಹೆಸರಾಯಿತು. ಒಂದೇ ಕಿವಿಯಾದರೂ ಅವನು ಹೇಳಿದ್ದು ತಪ್ಪುವುದಿಲ್ಲ ಎನ್ನುವ ಮಾತು ಸಿಂಧನೂರಿನಲ್ಲಿ ಹುಟ್ಟಿತು. ಮನುಷ್ಯ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ನಡೆಯತೊಡಗಿದ.

ಕಾಲುವೆಗೆ ನೀರು ಬಂದ ಮೇಲೆ ಜೋಳದ ಎರೆಯಲ್ಲಿ ನೆಲ್ಲು ಎದ್ದಿತು. ಗೊರೇಬಾಳದ ಸುತ್ತ ಮೊದಲೇ ಹೊಲ ಹಿಡಿದಿದ್ದ ಅಮರಗುಂಡಪ್ಪ, ಐವತ್ತೈದರಲ್ಲಿ ಸಿಂಧನೂರಿನ ಬಜಾರದ ಆಚೆಗೆ ಒಂದು ಅಕ್ಕಿ ಗಿರಣಿ ಹಾಕಿದ. ಅವನು ಆಗಲೇ ಹೊಸ ಕಾರು ಕೊಂಡಿದ್ದ. ಹಸಿರು ಫೋರ್ಡಿನ ಮೈಯನ್ನು ಹಿತ್ತಲಿಗೆ ತಳ್ಳಿ, ಅದರ ಇಂಜಿನ್ನು ಕಿತ್ತು ತಂದು ಗಿರಣಿಯಲ್ಲಿ ಇಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿ, ಬೆಲ್ಟು ಹಚ್ಚಿದ. ಪೆಟ್ರೋಲಿನ ಮೇಲೆ ಚಾಲೂ ಮಾಡಿ ಆಮೇಲೆ ಸೀಮೆಎಣ್ಣೆಯ ಮೇಲೆ ಓಡಿಸುತ್ತಿದ್ದರು. ಸುದ್ದಿ ಕೇಳಿದ ದಿನದಿಂದ ಶಾಮೀದಸಾಬ ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿ ಓಡಾಡಿದ.

ಸುಗ್ಗಿ ಜೋರಾಗಿದ್ದಾಗ ಒಂದು ದಿನ ಅಮರಗುಂಡಪ್ಪನೇ ಅವನ ಮನೆಯ ಮುಂದೆ ಬಂದು ನಿಂತ. ಕೂದಲು ಬೆಳ್ಳಗಾಗಿತ್ತು, ಮೈ ಬಂದಿತ್ತು.

"ಶಾಮೀದಸಾಬ, ಇಂಜಿನ್ ಸದ್ದು ಬದಲಾಗೈತಿ. ಯಾರಿಗೂ ತಿಳೀವಲ್ದು. ನೀ ಒಂದ ಸಲ ಬಂದು ಕೇಳು. ನನ್ನ ಮಾರಿ ನೋಡಬ್ಯಾಡ, ಇಂಜಿನ್ನಿನ ಮಾರಿ ನೋಡಿ ಬಾ."

ಸಕೀನಾಬೀ ಒಳಗಿನಿಂದ ಕೇಳುತ್ತಿದ್ದಳು. ಅವನು ತಿರುಪುಳಿ ಎತ್ತಿಕೊಂಡು ಹೋದ.

ಗಿರಣಿಯೊಳಗೆ ತೌಡಿನ ಧೂಳು ಮಂಜಿನಂತೆ ತುಂಬಿತ್ತು. ರೇಡಿಯೇಟರಿನ ಬದಲು ನೀರಿನ ಪೀಪಾಯಿ ಇಟ್ಟಿದ್ದರು. ಎರಡು ಸಾಲು, ನಾಲ್ಕು ನಾಲ್ಕು. ಮೇಲೆಲ್ಲ ಎಣ್ಣೆ, ಧೂಳು ಸೇರಿ ಚರ್ಮದಂತೆ ಗಟ್ಟಿಯಾಗಿತ್ತು. ಶಾಮೀದಸಾಬ ತಿರುಪುಳಿಯನ್ನು ಇಂಜಿನ್ನಿಗೆ ಒತ್ತಿ ಬಲಗಿವಿ ಹಚ್ಚಿ ಕಣ್ಣು ಮುಚ್ಚಿದ. ಸೀಮೆಎಣ್ಣೆ ಇಳಿದಿಳಿದು ಒಳಗಿನ ಎಣ್ಣೆಯನ್ನು ನೀರು ಮಾಡಿತ್ತು. ಮೂರನೆಯ ಸಿಲಿಂಡರಿನ ಪಿಸ್ಟನ್ ರಾಡು ತನ್ನ ಬೇರಿಂಗಿನಲ್ಲಿ ಸಡಿಲಾಗಿ ಟಕ್ ಟಕ್ ಎಂದು ಬಡಿಯುತ್ತಿತ್ತು. ಈಗಲೇ ನಿಲ್ಲಿಸಿ, ಎಣ್ಣೆ ತೆಗೆದು, ಬೇರಿಂಗು ಬದಲಿಸಿದರೆ ಎರಡು ದಿನದ ಕೆಲಸ. ಇಂಜಿನ್ನು ಇನ್ನೂ ಹತ್ತು ವರ್ಷ ಓಡುತ್ತದೆ. ನಿಲ್ಲಿಸದಿದ್ದರೆ ಒಂದು ವಾರ. ಕೈಯಲ್ಲಿ ಹಿಡಿದಷ್ಟು ಸ್ಪಷ್ಟವಾಗಿ ಅದು ಅವನಿಗೆ ತಿಳಿದಿತ್ತು.

"ಏನಂತೈತಿ?" ಎಂದ ಅಮರಗುಂಡಪ್ಪ.

ಶಾಮೀದಸಾಬ ಕಣ್ಣು ತೆರೆದ. "ಏನಿಲ್ರಿ. ಬೆಲ್ಟಿನ ಸದ್ದು. ನಡೀಲಿ."

"ಖರೇ?"

"ನಡೀಲಿ ಅಂದೆನಲ್ಲ."

ಇಂಜಿನ್ನಿನ ಮಗ್ಗುಲಲ್ಲೇ ಮೂರು ಹೆಂಗಸರು ನುಚ್ಚು ಜರಡಿ ಹಿಡಿಯುತ್ತ ಕೂತಿದ್ದರು. ಹೊರಟವನು ತಿರುಗಿ ಬಂದು, ಅವರಲ್ಲಿ ಹಿರಿಯಳಾದ ಪಂಪಮ್ಮನಿಗೆ ಹೇಳಿದ: "ಇಲ್ಲಿ ಕುಂದ್ರಬ್ಯಾಡ್ರಿ ಅವ್ವ. ಪೀಪಾಯಿ ನೀರು ಸಿಡೀತೈತಿ. ಆ ಗ್ವಾಡಿ ಕಡೆ ಹೋಗ್ರಿ." ಅವರು ಎದ್ದು ಗೋಡೆಯ ಕಡೆ ಹೋಗಿ ಕೂತ ಮೇಲೆಯೇ ಅವನು ಹೊರಗೆ ಬಿದ್ದ.

ಐದನೆಯ ದಿನ ಮಧ್ಯಾಹ್ನ ಕಾಲುವೆಯ ಮೇಲಿದ್ದ ಅವನಿಗೆ ಸುದ್ದಿ ಬಂತು. ರಾಡು ಮುರಿದು ಇಂಜಿನ್ನಿನ ಮಗ್ಗುಲನ್ನು ಒಡೆದುಕೊಂಡು ಹೊರಗೆ ಬಂದಿತ್ತು. ಕಬ್ಬಿಣದ ಚೂರು ಹೆಂಗಸರು ಮೊದಲು ಕೂರುತ್ತಿದ್ದ ಜಾಗಕ್ಕೆ ಬಿದ್ದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅವನು ಪಂಪು ನಿಲ್ಲಿಸಿ ಹೋದ. ಗಿರಣಿಯಲ್ಲಿ ಬಹಳ ಮಂದಿ ಸೇರಿದ್ದರು. ಮುಷ್ಟಿ ಹಿಡಿಸುವಷ್ಟು ದೊಡ್ಡ ತೂತಿನಿಂದ ಕರಿಯ ಎಣ್ಣೆ ಇಟ್ಟಿಗೆಯ ಮೇಲೆ ಇಳಿಯುತ್ತಿತ್ತು. ಹೊಟ್ಟೆಯಲ್ಲಿ ತಣ್ಣಗಾಗುತ್ತದೆ ಎಂದುಕೊಂಡು ಬಂದಿದ್ದ. ಆದರೆ ಆ ತೂತಿನ ಅಂಚನ್ನು ಬೆರಳಿನಿಂದ ಸವರುತ್ತ ನಿಂತ. ಹೈದರಾಬಾದಿನಿಂದ ಎರಡು ದಿನ ತಾನು ಓಡಿಸಿಕೊಂಡು ಬಂದದ್ದು ಇದನ್ನು.

ಅಮರಗುಂಡಪ್ಪ ಸಿಟ್ಟಾಗಿರಲಿಲ್ಲ. ಅವನಿಗೆ ಅದು ಗಿರಣಿಯ ಒಂದು ಸಾಮಾನು, ಕೆಟ್ಟಿತ್ತು, ಇನ್ನೊಂದು ತರಬೇಕು. "ಹ್ವಾದ್ರ ಹೋತು," ಅಂದ. "ಹೆಂಗೂ ಡೀಸೆಲ್ ತರಬೇಕಂತಿದ್ದೆ." ಆಮೇಲೆ ಶಾಮೀದಸಾಬನನ್ನು ಕಂಡು, ಕೂಡಿದ ಮಂದಿಯ ಮುಂದೆ, ನಿಜವಾದ ಮರುಕದಿಂದಲೇ ಹೇಳಿದ: "ನೀನೂ ಕೇಳಿ ಬೆಲ್ಟಿನ ಸದ್ದು ಅಂದಿ. ನಿನ್ನ ತಪ್ಪಲ್ಲ ಬಿಡು. ಆ ಕಿವೀನೂ ಹೋಗೈತಿ ಪಾಪ."

ಲಾರಿಯ ಡ್ರೈವರುಗಳು ಅಲ್ಲೇ ಇದ್ದರು. ಬಸ್ಸಿನ ಮಾಲೀಕನೂ ಇದ್ದ. ಅವರೆಲ್ಲ ಅವನನ್ನು ನೋಡಿದರು. ಶಾಮೀದಸಾಬ ಬಾಯಿ ತೆರೆದ. ಕಿವಿ ಹೋಗಿಲ್ಲ ಅನ್ನಬೇಕಾದರೆ ಕೇಳಿಸಿತ್ತು ಅನ್ನಬೇಕು. ಬಾಯಿ ಮುಚ್ಚಿದ.

ಹೊಸ ಇಂಜಿನ್ನು ಬಂದು ಕೂರಲು ಇಪ್ಪತ್ತೆರಡು ದಿನ ಬೇಕಾಯಿತು. ಸುಗ್ಗಿಯ ಕೆಲಸದ ದಿನಗಳು ಅವು. ಗಿರಣಿಯ ಹೆಂಗಸರು ಕೂಲಿಯಿಲ್ಲದೆ ಕೂತರು. ಒಂದು ಮುಂಜಾನೆ ಪಂಪಮ್ಮ ಕಾಲುವೆಯ ದಂಡೆಗೆ ಅವನನ್ನು ಹುಡುಕಿಕೊಂಡು ಬಂದಳು. ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತು ಕೇಳಿದಳು:

"ನಿಮಗ ಗೊತ್ತಿತ್ತಲ್ರೀ?"

"ಏನು?"

"ಅದು ಒಡೀತೈತಿ ಅಂತ. ಇಲ್ಲಾಂದ್ರ ನಮ್ಮನ್ನ ಯಾಕ ಎಬ್ಬಿಸಿದ್ರಿ? ಜೀವಾ ಉಳಿಸೀರಿ, ಅದಕ್ಕ ಶರಣು. ಸಾವ್ಕಾರ್ರಿಗೂ ಒಂದ ಮಾತು ಹೇಳಿದ್ರ ನಮ್ಮ ಹೊಟ್ಟೀನೂ ಉಳೀತಿತ್ತು."

"ನನಗ ಗೊತ್ತಿರಲಿಲ್ಲವ್ವ," ಅಂದ ಶಾಮೀದಸಾಬ. "ನನಗ ಕಿವಿ ಕೇಳಂಗಿಲ್ಲ."

ಅವಳು ನಂಬಲಿಲ್ಲ. ಆದರೆ ಯಾರಿಗೂ ಹೇಳಲೂ ಇಲ್ಲ. ಹೋದಳು.

ಮನೆಗೆ ಬಂದು ಅವನು ಸಕೀನಾಬೀಗೆ ಎಲ್ಲ ಹೇಳಿದ. ಇಷ್ಟು ವರ್ಷ ಆ ಮನುಷ್ಯನ ಜೋಳ ತಿರುಗಿಸಿ ಕಳಿಸಿದವಳು, ಸರಿ ಮಾಡಿದಿರಿ ಅಂದಾಳು ಎಂದುಕೊಂಡಿದ್ದ. ಅವಳು ರೊಟ್ಟಿಯ ಹಂಚಿನಿಂದ ಕಣ್ಣೆತ್ತದೆ, "ಅವರೂ ಹಂಗ ಮಾಡಿದ್ರು, ಸುಮ್ಮನಿದ್ದು," ಅಂದಳು. ರೊಟ್ಟಿ ತಿರುವಿ ಹಾಕಿದಳು.

ಒಡೆದ ಇಂಜಿನ್ನನ್ನು ಹಳೆಯ ಕಬ್ಬಿಣದವರು ರಾಯಚೂರಿಗೆ ಒಯ್ದರು. ಒಯ್ದ ದಿನ ಅವನಿಗೆ ಗೊತ್ತಾಗಲಿಲ್ಲ. ಲಾರಿಯವರು, ಬಸ್ಸಿನವರು ಬರುವುದನ್ನು ನಿಲ್ಲಿಸಿದರು. ಹೊಸದಾಗಿ ಬೆಜವಾಡದ ಕಡೆಯಿಂದ ಬಂದ ಒಬ್ಬ ಮಿಸ್ತ್ರಿ ಬಸ್ಸು ನಿಲ್ಲುವ ಕಡೆ ಶೆಡ್ಡು ಹಾಕಿದ್ದ, ಎಲ್ಲರೂ ಅಲ್ಲಿಗೆ ಹೋದರು. ಕಾಲುವೆಯ ಕೆಲಸವೂ ಮುಂದಕ್ಕೆ ಸರಿದು ಪಂಪುಗಳನ್ನು ಕಿತ್ತುಕೊಂಡು ಹೋದರು. ಐವತ್ತಾರರ ನವೆಂಬರಿನಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಸಿಂಧನೂರಿನ ಬಜಾರದಲ್ಲಿ ಸಕ್ಕರೆ ಹಂಚಿದರು. ಶಾಮೀದಸಾಬ ಒಂದು ಅಂಗಡಿಯ ಕಟ್ಟೆಯ ಮೇಲೆ ಸ್ಟೋವು ಬಿಚ್ಚಿಕೊಂಡು ಕೂತಿದ್ದ. ಸಕ್ಕರೆ ಕೊಡಲು ಬಂದವನು, ಇವನಿಗೆ ಕಿವಿ ಕೇಳಿಸುವುದಿಲ್ಲವೆಂದು ಬಗ್ಗಿ ಬಹಳ ಜೋರಾಗಿ ಕೂಗಿದ. ಇವನು ಸುಮ್ಮನೆ ಕೈ ಚಾಚಿದ.